ಗಾಜಿನೊಳಗಿನ ಕಡಲು

ಅಂಡಮಾನ್ ದ್ವೀಪಗಳ ಸುತ್ತಲಿನ ಕಡಲಿನ ತಳದಲ್ಲಿ ಹವಳದ ದಿಬ್ಬಗಳಿವೆ. ಬಿಸಿಲು ತಿಳಿನೀರನ್ನು ತೂರಿಕೊಂಡು ಆ ದಿಬ್ಬಗಳ ಮೇಲೆ ಬಿದ್ದಾಗ ಅಲ್ಲಿ ಬಣ್ಣಗಳ ಜಾತ್ರೆಯೇ ನೆರೆಯುತ್ತದೆ. ಆ ಜಾತ್ರೆಯಲ್ಲಿ ನೋಡುವವರ ಕಣ್ಣನ್ನು ಮೊದಲು ಸೆಳೆಯುವುದು ಬೆರಳುದ್ದದ ಒಂದು ಮೀನು. ಅದರ ಮೈ ಹಣ್ಣಾದ ಕಿತ್ತಳೆಯ ಬಣ್ಣದ್ದು. ಅದರ ಮೇಲೆ ಮೂರು ಬಿಳಿಯ ಪಟ್ಟೆಗಳು. ಪಟ್ಟೆಗಳ ಅಂಚಿಗೆ ಕಾಡಿಗೆ ತೀಡಿದಂತೆ ಕಪ್ಪು ಗೆರೆಗಳು. ಬಣ್ಣ ಬಳಿದುಕೊಂಡು ರಂಗಕ್ಕೆ ಬಂದ ವಿದೂಷಕನಂತೆ ಕಾಣುವುದರಿಂದ ಅದಕ್ಕೆ ಕ್ಲೌನ್ ಮೀನು ಎಂಬ ಹೆಸರು ಬಂದಿದೆ. ಅದು ಈಜುವ ರೀತಿಯೂ ವಿದೂಷಕನ ನಡಿಗೆಯಂತೆಯೇ. ಮೈಯನ್ನು ಅತ್ತಿತ್ತ ತೂಗಾಡಿಸುತ್ತ, ಮೇಲಕ್ಕೂ ಕೆಳಕ್ಕೂ ಕುಪ್ಪಳಿಸುತ್ತ ಅದು ಸಾಗುತ್ತದೆ. ಕ್ಲೌನ್ ಮೀನುಗಳಲ್ಲಿ ಸುಮಾರು 30 ಜಾತಿಗಳುಂಟು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಮಹಾಸಾಗರಗಳ ಬೆಚ್ಚನೆಯ ನೀರು ಅವುಗಳ ತವರು.

ಈ ಮೀನಿನ ಮನೆ ವಿಚಿತ್ರವಾದುದು. ಹವಳದ ಬಂಡೆಗಳಿಗೆ ಅಂಟಿಕೊಂಡು ಸೀ ಅನಿಮೋನ್ ಎಂಬ ಜೀವಿ ಬದುಕುತ್ತದೆ. ನೋಡಲು ಅರಳಿದ ಹೂವಿನಂತಿರುವುದರಿಂದ ಅದನ್ನು ಕಡಲಹೂ ಎನ್ನಬಹುದು. ಆದರೆ ಅದು ಹೂವಲ್ಲ, ಪ್ರಾಣಿ. ಎಸಳುಗಳಂತೆ ಕಾಣುವ ಅದರ ಕರಬಳ್ಳಿಗಳ ತುಂಬ ಕುಟುಕುವ ಕೋಶಗಳಿವೆ. ಸೋಕಿದ ಸಣ್ಣ ಮೀನು ವಿಷವೇರಿ ಅದಕ್ಕೆ ಆಹಾರವಾಗುತ್ತದೆ. ಕ್ಲೌನ್ ಮೀನಾದರೋ ಆ ವಿಷದ ಬಳ್ಳಿಗಳ ನಡುವೆಯೇ ನಿರ್ಭಯವಾಗಿ ವಾಸಿಸುತ್ತದೆ. ಮೈಮೇಲಿನ ಲೋಳೆಯ ಹೊದಿಕೆಯೇ ಅದಕ್ಕೆ ಕವಚ. ತನಗೆ ಆಶ್ರಯವಿತ್ತ ಕಡಲಹೂವನ್ನು ಕಚ್ಚಿ ತಿನ್ನಲು ಬರುವ ಮೀನುಗಳನ್ನು ಅದು ಓಡಿಸುತ್ತದೆ. ಅದರ ಮೈಯಿಂದ ಹೊರಬೀಳುವ ಕಲ್ಮಶ ಸಹ ವ್ಯರ್ಥವಾಗುವುದಿಲ್ಲ. ಕಡಲಹೂವಿನ ಮೈಯೊಳಗೆ ನೆಲೆಸಿರುವ ಸೂಕ್ಷ್ಮವಾದ ಪಾಚಿಗೆ ಅದು ಗೊಬ್ಬರ. ಆ ಪಾಚಿ ಬಿಸಿಲಿನ ನೆರವಿನಿಂದ ತಯಾರಿಸುವ ಆಹಾರದಲ್ಲಿ ಕಡಲಹೂವಿಗೂ ಪಾಲುಂಟು. ಹೀಗೆ ಒಂದರ ಬದುಕು ಇನ್ನೊಂದರ ಬದುಕಿಗೆ ಆಸರೆಯಾಗಿದೆ.

ಸೊಗಸಾದುದನ್ನು ಕಂಡೊಡನೆ ಅದನ್ನು ಮನೆಗೆ ತರಬೇಕೆನ್ನುವುದು ಮನುಷ್ಯನ ಹಳೆಯ ಹಂಬಲ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜಲಜೀವಿಗಳನ್ನು ಗಾಜಿನ ತೊಟ್ಟಿಗಳಲ್ಲಿಟ್ಟು ಜನರಿಗೆ ತೋರಿಸುವ ಮನೆಯೊಂದು ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿ ಒಬ್ಬರು. ಮರುವರ್ಷ, ಅಂದರೆ 1854ರಲ್ಲಿ, ಅವರು ಬರೆದ 'ದಿ ಅಕ್ವೇರಿಯಂ' ಎಂಬ ಗ್ರಂಥ ಪ್ರಕಟವಾಯಿತು. ಅಕ್ವೇರಿಯಂ ಎಂಬ ಪದ ಮನೆಮಾತಾದದ್ದು ಆ ಪುಸ್ತಕದಿಂದ. ಅದನ್ನು ಓದಿದ ಜನ ಬುಟ್ಟಿ, ಜಾಡಿಗಳನ್ನು ಹಿಡಿದು ಕಡಲತೀರಕ್ಕೆ ಧಾವಿಸಿದರು. ಬಂಡೆಗಳ ಸಂದಿನ ಹೊಂಡಗಳಲ್ಲಿ ನಲಿಯುತ್ತಿದ್ದ ಜೀವಿಗಳನ್ನು ಬಾಚಿ ಬಾಚಿ ಮನೆಗೆ ಒಯ್ದರು. ಒಯ್ದವುಗಳಲ್ಲಿ ಬಹುಪಾಲು ಸತ್ತವು. ತೀರದ ಹೊಂಡಗಳೂ ಬರಿದಾದವು. ಕಡಲನ್ನು ಮನಸಾರೆ ಪ್ರೀತಿಸಿದ ತಂದೆಯ ಪುಸ್ತಕಗಳೇ, ಅವರು ಬಯಸದಿದ್ದರೂ, ತೀರದ ಈ ಹಾಳಿಗೆ ದಾರಿಮಾಡಿಕೊಟ್ಟುದನ್ನು ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ನೋವಿನಿಂದ ನೆನೆದಿದ್ದಾರೆ. ಪ್ರೀತಿಯೊಂದೇ ಸಾಲದು, ಅದರೊಡನೆ ತಿಳಿವಳಿಕೆಯೂ ಇರಬೇಕು ಎಂಬುದಕ್ಕೆ ಈ ಪ್ರಸಂಗ ನಿದರ್ಶನವಾಗಿದೆ.

ಆ ಜೀವಿಗಳು ಸತ್ತುದೇಕೆ? ಅವುಗಳಿಗೆ ಆಹಾರ ದೊರೆಯಲಿಲ್ಲವೆ? ದೊರೆಯಿತು. ನೀರು ಇರಲಿಲ್ಲವೆ? ಇತ್ತು. ಆದರೆ ಆ ನೀರು ಕಡಲಾಗಿ ಉಳಿದಿರಲಿಲ್ಲ. ಮೀನು ಉಂಡದ್ದರ ಒಂದಂಶ ಅಮೋನಿಯಾ ಎಂಬ ವಸ್ತುವಾಗಿ ಅದರ ಕಿವಿರುಗಳಿಂದ ಹೊರಬೀಳುತ್ತದೆ. ದನದ ಕೊಟ್ಟಿಗೆಯನ್ನು ಎರಡು ದಿನ ಗುಡಿಸದಿದ್ದರೆ ಮೂಗಿಗೆ ಅಡರುವ ಘಾಟು ಇದರದೇ. ಕಡಲಿನಲ್ಲಾದರೆ ಅದು ಅಪಾರವಾದ ನೀರಿನಲ್ಲಿ ಕರಗಿ ಮಾಯವಾಗುತ್ತದೆ. ಇಲ್ಲವೆ ಪಾಚಿಗೆ ಗೊಬ್ಬರವಾಗುತ್ತದೆ. ನಾಲ್ಕು ಗೋಡೆಗಳ ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯೆಲ್ಲಿ? ಅದು ದಿನದಿನವೂ ಕೂಡಿಕೊಂಡು ಮೀನಿನ ಕಿವಿರುಗಳನ್ನೇ ಸುಡುತ್ತದೆ. ಕಡಲ ನೀರು ಕ್ಷಾರಗುಣವುಳ್ಳದ್ದಾದ ಕಾರಣ ಅದರಲ್ಲಿ ಅಮೋನಿಯಾದ ವಿಷ ಇನ್ನೂ ಹೆಚ್ಚು. ಕಡಲಿನಲ್ಲಿ ನೆರೆಯ ಜೀವಿಗೆ ಆಹಾರವಾದದ್ದು ತೊಟ್ಟಿಯಲ್ಲಿ ತನಗೇ ವಿಷವಾಗುತ್ತದೆ. ಆದುದರಿಂದ ಮೀನನ್ನು ಸಾಕುವುದೆಂದರೆ ಮೊದಲು ನೀರನ್ನು ಸಾಕುವುದು.

ನೀರನ್ನು ಸಾಕುವ ಕೆಲಸದಲ್ಲಿ ಮನುಷ್ಯನಿಗೆ ನೆರವಾಗುವ ಸೇವಕರುಂಟು. ಅವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಅವುಗಳ ಕಾರ್ಯವನ್ನು 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್‌ಸ್ಕಿ ಸ್ಪಷ್ಟವಾಗಿ ತೋರಿಸಿಕೊಟ್ಟರು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ಮೀನಿಗೆ ಹಿತವಲ್ಲ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಇದು ಹೆಚ್ಚು ಸೇರದಂತೆ ನೋಡಿಕೊಂಡರೆ ಅಷ್ಟು ಅಪಾಯಕಾರಿಯಲ್ಲ. ಹೊಲಕ್ಕೆ ಹಾಕಿದ ಗೊಬ್ಬರವನ್ನು ಪೈರಿಗೆ ಒದಗುವಂತೆ ಮಾಡುವವೂ ಇವುಗಳ ಬಳಗದವೇ. ತೊಟ್ಟಿಯ ಕಲ್ಲುಗಳ ಮೇಲೆ, ಮರಳಿನಲ್ಲಿ, ನೀರನ್ನು ಸೋಸುವ ಫಿಲ್ಟರಿನ ಸ್ಪಂಜಿನಲ್ಲಿ ಇವು ನೆಲೆಯೂರುತ್ತವೆ. ಹಾಗೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು.

ಹೊಸಬರು ಎಡವುವುದು ಇಲ್ಲಿಯೇ. ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಕೊಂಡು ತರುತ್ತಾರೆ. ಮೊದಲ ದಿನ ಮನೆಯವರೆಲ್ಲ ತೊಟ್ಟಿಯ ಸುತ್ತ ನೆರೆದು ಸಂಭ್ರಮಪಡುತ್ತಾರೆ. ನೀರು ಸ್ಫಟಿಕದಂತೆ ತಿಳಿಯಾಗಿಯೇ ಇರುತ್ತದೆ. ಕೆಲವು ದಿನಗಳಲ್ಲಿ ಮೀನು ಮೂಲೆ ಸೇರುತ್ತದೆ. ಮೇಲ್ಮೈಗೆ ಬಂದು ಏದುಸಿರು ಬಿಡುತ್ತದೆ. ಒಂದು ಮುಂಜಾನೆ ಮಗುಚಿ ತೇಲುತ್ತಿರುತ್ತದೆ. ಮೀನೇ ಸರಿಯಿರಲಿಲ್ಲವೆಂದು ಅಂಗಡಿಯವನನ್ನು ದೂರುತ್ತಾರೆ. ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲವೆಂಬುದು ಅವರಿಗೆ ಹೊಳೆಯುವುದಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ಗಾದೆ ಪರಿಹಾಸ್ಯ ಮಾಡುತ್ತದೆ. ಈ ಕಾರ್ಯದಲ್ಲಿ ಮಾತ್ರ ಕುಲಾವಿ ಹೊಲಿಸಿದವನೇ ಜಾಣ. ಮೀನಿಲ್ಲದ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಪಂಪು ನಡೆಸಿ, ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವಂತೆ ಸ್ವಲ್ಪ ಅಮೋನಿಯಾ ಒದಗಿಸಿ ವಾರಗಟ್ಟಲೆ ಕಾಯಬೇಕು. ನೀರನ್ನು ಪರೀಕ್ಷಿಸುವ ರಾಸಾಯನಿಕಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆಯೇ ಮೀನಿಗೆ ಪ್ರವೇಶ.

ತೊಟ್ಟಿ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು. ಸಣ್ಣ ಪಾತ್ರೆಯ ನೀರು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ. ಒಂದು ಜೋಡಿ ಕ್ಲೌನ್ ಮೀನಿಗೆ ಸುಮಾರು 100 ಲೀಟರಾದರೂ ನೀರಿರುವುದು ಲೇಸು. ಅಷ್ಟು ನೀರಿನ ತೂಕವೇ 100 ಕಿಲೋಗ್ರಾಂ ಮೀರುವುದರಿಂದ ತೊಟ್ಟಿಯನ್ನಿಡುವ ಮೇಜು ಗಟ್ಟಿಯಾಗಿರಬೇಕು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆಮನೆಯ ಉಪ್ಪನ್ನು ಕದಡಿದರೆ ಕಡಲ ನೀರಾಗದು. ಕಡಲಿನಲ್ಲಿ ಅಡುಗೆಯ ಉಪ್ಪಿನ ಅಂಶಗಳಲ್ಲದೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವೂ ತಕ್ಕ ಪ್ರಮಾಣದಲ್ಲಿ ಬೆರೆತಿವೆ. ಆದುದರಿಂದ ಅಕ್ವೇರಿಯಂಗೆಂದೇ ಸಿದ್ಧಪಡಿಸಿದ ಲವಣಮಿಶ್ರಣವನ್ನು ಬಳಸಬೇಕು. ಕರಾವಳಿಯವರು ಎದುರಿಗಿರುವ ಕಡಲಿನಿಂದಲೇ ನೀರು ತರಬಹುದಲ್ಲವೆ ಎಂದು ಕೇಳಬಹುದು. ಅಳಿವೆಯ ಬಳಿ ಹೊಳೆಯ ಕೆಸರು, ಬಂದರಿನ ಬಳಿ ದೋಣಿಗಳ ಎಣ್ಣೆ, ಮಳೆಗಾಲದಲ್ಲಿ ಸಿಹಿನೀರು ಬೆರೆತು ತೀರದ ನೀರು ದಿನಕ್ಕೊಂದು ಬಗೆಯಾಗಿರುತ್ತದೆ. ನಲ್ಲಿಯ ನೀರನ್ನು ಬಳಸುವುದಾದರೆ, ಮನುಷ್ಯನ ಆರೋಗ್ಯಕ್ಕಾಗಿ ಅದಕ್ಕೆ ಸೇರಿಸಿದ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಾಗಳಿಗೂ ವಿಷವೆಂಬುದನ್ನು ಮರೆಯದೆ ಮೊದಲು ಅದನ್ನು ನಿವಾರಿಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದೆನ್ನುವುದೂ ಇದೇ ಕಾರಣದಿಂದ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಮೆಲ್ಲನೆ ಜಾಲಿಸಬೇಕು.

ಉಪ್ಪು ಬೆರೆಸಿಟ್ಟ ಮಾವಿನ ಮಿಡಿಗಳು ನೀರು ಬಿಟ್ಟುಕೊಂಡು ಸುಕ್ಕಾಗುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಕಡಲಿನ ಮೀನಿನ ಸ್ಥಿತಿಯೂ ಹೆಚ್ಚು ಕಡಿಮೆ ಹಾಗೆಯೇ. ಅದರ ಮೈಯೊಳಗಿನ ದ್ರವಕ್ಕಿಂತ ಹೊರಗಿನ ನೀರು ಹೆಚ್ಚು ಉಪ್ಪು. ಹೀಗಾಗಿ ಮೈಯ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಕಡಲ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತದೆ. ನೀರಿನ ಉಪ್ಪು ಥಟ್ಟನೆ ಏರಿದರೂ ಇಳಿದರೂ ಈ ಹೊಂದಾಣಿಕೆ ತಪ್ಪಿ ಮೀನು ಬಳಲುತ್ತದೆ. ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ; ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದಕಾರಣ ಆವಿಯಾದಷ್ಟು ನೀರನ್ನು ತುಂಬುವಾಗ ಉಪ್ಪುನೀರನ್ನಲ್ಲ, ಶುದ್ಧವಾದ ಸಿಹಿನೀರನ್ನು ಸೇರಿಸಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗದಷ್ಟು ಹಳೆಯ ನೀರನ್ನು ತೆಗೆದು ಹೊಸದನ್ನು ತುಂಬುವಾಗ ಮಾತ್ರ ಅಷ್ಟೇ ಉಪ್ಪಿನ, ಅಷ್ಟೇ ಬೆಚ್ಚನೆಯ ನೀರನ್ನು ಬಳಸಬೇಕು. ಉಪ್ಪಿನ ಪ್ರಮಾಣವನ್ನು ಹೈಡ್ರೋಮೀಟರ್ ಎಂಬ ಸರಳವಾದ ಉಪಕರಣದಿಂದ ಅಳೆಯಬಹುದು.

ಕ್ಲೌನ್ ಮೀನಿಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತವಾದುದು. ಮಡಿಕೇರಿಯ ಚಳಿಯಲ್ಲಿ ತೊಟ್ಟಿಗೆ ಹೀಟರ್ ಬೇಕು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ನೀರನ್ನು ತಂಪಾಗಿಡುವುದೇ ದೊಡ್ಡ ಸಮಸ್ಯೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿ ಹಾಯಿಸಿದರೆ ಮಣ್ಣಿನ ಹೂಜಿಯ ನೀರಿನಂತೆ ತೊಟ್ಟಿಯ ನೀರೂ ಸ್ವಲ್ಪ ತಣಿಯುತ್ತದೆ. ಬಿಸಿಲು ಹೆಚ್ಚಿರುವ ಊರುಗಳಲ್ಲಿ ನೀರನ್ನು ತಂಪುಗೊಳಿಸುವ ಯಂತ್ರವಿಲ್ಲದೆ ಈ ಹವ್ಯಾಸಕ್ಕೆ ಕೈಹಾಕದಿರುವುದೇ ಮೇಲು. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ. ನೀರಿನ ಚಲನೆ ನಿಂತು ಮೀನುಗಳೂ ಬ್ಯಾಕ್ಟೀರಿಯಾಗಳೂ ಉಸಿರುಕಟ್ಟುವಂತಾಗುತ್ತದೆ. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಯ ಪಂಪನ್ನು ಸಿದ್ಧವಾಗಿಟ್ಟುಕೊಂಡಿರುವುದು ವಿವೇಕ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಮೀನಿಗೂ ಸಲ್ಲುತ್ತದೆ. ಆದರೆ ಮೀನಿನ ಪಾಲಿಗೆ ಊಟ ಬಲ್ಲವನಾಗಬೇಕಾದವನು ಉಣಿಸುವವನು. ಕ್ಲೌನ್ ಮೀನು ಸಣ್ಣ ಸಿಗಡಿಯಂಥ ಜೀವಿಗಳನ್ನೂ ಪಾಚಿಯನ್ನೂ ತಿನ್ನುತ್ತದೆ. ಮಂಜುಗಟ್ಟಿಸಿಟ್ಟ ಸಿಗಡಿಮರಿಗಳು, ಕಡಲ ಮೀನಿಗೆಂದೇ ತಯಾರಿಸಿದ ಕಾಳಿನಂಥ ಆಹಾರ, ಇವುಗಳನ್ನು ಬದಲಿಸಿ ಬದಲಿಸಿ ಕೊಡಬೇಕು. ದಿನಕ್ಕೆ ಎರಡು ಸಲ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಕೊಟ್ಟರೆ ಸಾಕು. ಮನೆಗೆ ಬಂದ ನೆಂಟರ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕಿದರೆ ಅದು ಔದಾರ್ಯವಲ್ಲ, ಅಪಾಯ. ತಿನ್ನದೆ ಉಳಿದುದು ತಳದಲ್ಲಿ ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ.

ಕ್ಲೌನ್ ಮೀನುಗಳ ಸಂಸಾರದ ಕಟ್ಟು ಕುತೂಹಲಕಾರಿಯಾದುದು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಮರಿಯಿಡದ ಕಿರಿಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಟ್ಟು ಅದರ ಸ್ಥಾನಕ್ಕೆ ಬರುತ್ತದೆ. ಬಂಡೆಗೆ ಅಂಟಿಸಿದ ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸುವಂತೆ ನೀರು ಹಾಯಿಸುತ್ತ ಕಾಯುವ ಹೊಣೆ ಹೆಚ್ಚಾಗಿ ಗಂಡಿನದು. ಒಂದು ದೊಡ್ಡದು, ಒಂದು ಚಿಕ್ಕದು ಹೀಗೆ ಎರಡು ಮರಿಗಳನ್ನು ತಂದರೆ ಅವು ಬೇಗ ಹೊಂದಿಕೊಳ್ಳುತ್ತವೆ. ಸಮಾನ ಗಾತ್ರದ ಹಲವನ್ನು ಒಟ್ಟಿಗೆ ತುಂಬಿದರೆ ಕಾದಾಟ ತಪ್ಪದು. ಕಡಲಹೂ ಇಲ್ಲದೆ ಈ ಮೀನು ಬದುಕಲಾರದೆಂಬ ಭಾವನೆಯುಂಟು. ಅದು ನಿಜವಲ್ಲ. ಶತ್ರುಗಳಿಲ್ಲದ ತೊಟ್ಟಿಯಲ್ಲಿ ಅದು ಕಲ್ಲಿನ ಸಂದಿಯಲ್ಲಿಯೂ ಸುಖವಾಗಿರುತ್ತದೆ. ಕಡಲಹೂವನ್ನು ಸಾಕುವುದು ಮೀನನ್ನು ಸಾಕುವುದಕ್ಕಿಂತ ಕಷ್ಟ. ಅದಕ್ಕೆ ಪ್ರಖರವಾದ ಬೆಳಕೂ ಬಹುಕಾಲ ಪಳಗಿದ ನೀರೂ ಬೇಕು.

ಹೊಸ ಮೀನು ತಂದೊಡನೆ ಅದನ್ನು ಹಳೆಯವುಗಳ ಜೊತೆ ಬಿಡದೆ, ಬೇರೊಂದು ತೊಟ್ಟಿಯಲ್ಲಿ ನಾಲ್ಕು ವಾರಗಳಾದರೂ ಇಟ್ಟು ನೋಡಬೇಕು. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಕಂಡರೆ ಅದು ಪರಜೀವಿಯಿಂದ ಬರುವ ಬಿಳಿಚುಕ್ಕೆ ರೋಗ. ತೊಟ್ಟಿಯಲ್ಲಿ ಒಂದಕ್ಕೆ ತಗುಲಿದರೆ ಎಲ್ಲಕ್ಕೂ ಹಬ್ಬುತ್ತದೆ. ಮೀನು ಊಟ ಬಿಡುವುದು, ಕಲ್ಲಿಗೆ ಮೈ ತಿಕ್ಕುವುದು, ಕಿವಿರುಗಳನ್ನು ಬೇಗ ಬೇಗ ಆಡಿಸುವುದು, ಬಣ್ಣಗೆಡುವುದು, ಇವೆಲ್ಲ ರೋಗದ ಲಕ್ಷಣಗಳು. ಅದರ ತೂಗಾಟದ ಈಜು ಮಾತ್ರ ಹುಟ್ಟುಗುಣವೇ ಹೊರತು ರೋಗವಲ್ಲ. ಲಕ್ಷಣ ಕಂಡಾಗ ಔಷಧಿಯ ಬಾಟಲಿಗೆ ಕೈಹಾಕುವ ಮೊದಲು ನೀರನ್ನು ಪರೀಕ್ಷಿಸಬೇಕು. ಅನೇಕ ವೇಳೆ ಕಾಯಿಲೆಯ ಮೂಲ ನೀರಿನಲ್ಲಿಯೇ ಇರುತ್ತದೆ. ಹೀಗೆ ಎಚ್ಚರದಿಂದ ನೋಡಿಕೊಂಡರೆ ಕ್ಲೌನ್ ಮೀನು ಹತ್ತು ವರ್ಷಕ್ಕೂ ಮೀರಿ ಬಾಳಬಲ್ಲುದು.

ಇನ್ನು ಉಳಿದ ಪ್ರಶ್ನೆಯೊಂದಿದೆ: ಮನೆಗೆ ಬರುವ ಮೀನು ಎಲ್ಲಿಂದ ಬಂದುದು? 1960ರ ದಶಕದಲ್ಲಿ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಬಣ್ಣದ ಮೀನುಗಳನ್ನು ಹಿಡಿಯಲು ಹವಳದ ಸಂದುಗಳಿಗೆ ಸಯನೈಡ್ ಎಂಬ ಘೋರವಿಷವನ್ನು ಚಿಮುಕಿಸುವ ಪದ್ಧತಿ ಆರಂಭವಾಯಿತು. ಮೂರ್ಛೆಹೋದ ಮೀನುಗಳು ಕೈಗೆ ಸುಲಭವಾಗಿ ಸಿಕ್ಕುತ್ತಿದ್ದವು. ಸಿಕ್ಕಿದವುಗಳಲ್ಲಿ ಅನೇಕವು ಅನಂತರ ಸಾಯುತ್ತಿದ್ದವು. ವಿಷ ಸೋಕಿದ ಹವಳವೂ ನಾಶವಾಗುತ್ತಿತ್ತು. ಒಂದು ಮೀನಿಗಾಗಿ ಅದರ ಮನೆಯನ್ನೇ ಸುಟ್ಟಂತಾಯಿತು. ಸಂತೋಷದ ಸಂಗತಿಯೆಂದರೆ, ಕ್ಲೌನ್ ಮೀನು ಸಾಕಿದ ತೊಟ್ಟಿಯಲ್ಲಿಯೇ ಮೊಟ್ಟೆಯಿಟ್ಟು ಮರಿಮಾಡುತ್ತದೆ. 1947ರಲ್ಲಿ ಸ್ಥಾಪಿತವಾದ, ಕೊಚ್ಚಿಯಲ್ಲಿ ಕೇಂದ್ರ ಕಚೇರಿಯನ್ನುಳ್ಳ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಲವು ಜಾತಿಯ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಹೀಗೆ ಹುಟ್ಟಿದ ಮರಿಗಳು ತೊಟ್ಟಿಯ ಬದುಕಿಗೆ, ತಯಾರಿಸಿದ ಆಹಾರಕ್ಕೆ ಮೊದಲೇ ಒಗ್ಗಿಕೊಂಡಿರುತ್ತವೆ. ಕೊಳ್ಳುವವನು ಇಂಥ ಮರಿಯನ್ನೇ ಕೇಳಿ ಕೊಂಡರೆ ಹವಳದ ದಿಬ್ಬದ ಒಂದು ಮೀನು ಅಲ್ಲಿಯೇ ಉಳಿಯುತ್ತದೆ. ಹವಳವನ್ನಂತೂ ಕೀಳಲೇಬಾರದು. ಕರ್ನಾಟಕದ ಕರಾವಳಿಯಲ್ಲಿ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ದೇಶದ ಹವಳದ ದಿಬ್ಬಗಳನ್ನು ಕಟ್ಟುವ ಈ ಜೀವಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು.

ಸಾಕಲಾಗದ ಮೀನನ್ನು ಹೊಳೆಗೋ ಕಡಲಿಗೋ ಬಿಟ್ಟು ಪುಣ್ಯ ಬಂತೆಂದುಕೊಳ್ಳುವುದೂ ಸರಿಯಲ್ಲ. ನಮ್ಮ ಕಡೆಯ ಕಡಲುಗಳ ಲಯನ್ ಮೀನು ಅಮೆರಿಕದ ಫ್ಲಾರಿಡಾ ತೀರದಲ್ಲಿ 1980ರ ದಶಕದಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದ ಹೊರಬಿಟ್ಟ ಮೀನುಗಳೇ ಅದಕ್ಕೆ ಮೂಲವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಅಲ್ಲಿ ಅದನ್ನು ಹಿಡಿದು ತಿನ್ನುವ ಶತ್ರುಗಳು ವಿರಳವಾದುದರಿಂದ ಅದು ಕೆರಿಬಿಯನ್ ಕಡಲಿನವರೆಗೂ ಹಬ್ಬಿ ಅಲ್ಲಿಯ ಸಣ್ಣ ಮೀನುಗಳನ್ನು ಕಬಳಿಸುತ್ತಿದೆ. ಸಾಕಲಾಗದಿದ್ದರೆ ಸಾಕಬಲ್ಲವರ ಕೈಗೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಕಡಲಿನಲ್ಲಿ ಅಲೆ, ಬಿಸಿಲು, ಪಾಚಿ, ಬ್ಯಾಕ್ಟೀರಿಯಾಗಳು ಎಡೆಬಿಡದೆ ಮಾಡುವ ಕೆಲಸವನ್ನು ತೊಟ್ಟಿಯ ಮುಂದೆ ನಿಂತ ಮನುಷ್ಯ ತನ್ನ ಎರಡು ಕೈಗಳಿಂದ ಮಾಡಬೇಕಾಗುತ್ತದೆ. ಉಪ್ಪನ್ನು ಅಳೆದು, ಉಷ್ಣತೆಯನ್ನು ನೋಡಿ, ಹಳೆಯ ನೀರನ್ನು ಚೆಲ್ಲಿ, ಹೊಸ ನೀರನ್ನು ಹೊತ್ತು ತರುವಾಗ ಕಡಲಿನ ಉಪಕಾರ ಎಷ್ಟು ದೊಡ್ಡದೆಂಬುದು ಅವನಿಗೆ ಅರಿವಾಗುತ್ತದೆ. ಆ ಕಡಲೂ ಇಂದು ಮೊದಲಿನಂತಿಲ್ಲ. ಭೂಮಿಯ ಬಿಸಿ ಏರಿದಂತೆ ಕಡಲ ನೀರೂ ಬಿಸಿಯಾಗುತ್ತಿದೆ. ನೀರಿನ ಉಷ್ಣತೆ ಸ್ವಲ್ಪ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳಗಳೂ ಕಡಲಹೂಗಳೂ ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. ಕ್ಲೌನ್ ಮೀನು ಮನೆಗೆಡುತ್ತದೆ. ಗಾಜಿನ ತೊಟ್ಟಿಯ ನೀರು ಕೆಟ್ಟರೆ ಬದಲಾಯಿಸಲು ಬೇರೆ ನೀರುಂಟು. ಕಡಲಿನ ನೀರು ಕೆಟ್ಟರೆ ಬದಲಾಯಿಸಲು ಬೇರೆ ಕಡಲಿಲ್ಲ.